ಭಾಗಿಸದೆ ಬಿಟ್ಟ ಹದಿಮೂರು ದಿನ

ಪುರಸೈವಾಕ್ಕಂನ ಸುಶಮೀಂದ್ರರಾಯರು ಮೂವತ್ತನಾಲ್ಕು ವರ್ಷ ರೈಲ್ವೆ ರಿಸರ್ವೇಶನ್ ಆಫೀಸಿನಲ್ಲಿ ಚಾರ್ಟು ತಿದ್ದಿದವರು. ನಿವೃತ್ತರಾದ ವರ್ಷ ಹೆಂಡತಿಯ ಜೊತೆ ಮಂತ್ರಾಲಯಕ್ಕೆ ಹೋಗಲು ಟಿಕೆಟ್ ತೆಗೆದರು. ಅದು ವೇಟಿಂಗ್ ಲಿಸ್ಟಿನಲ್ಲೇ ಕೊಳೆಯಿತು. ಹೆಂಡತಿ ಅಂಬುಜಾ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. ರೈಲ್ವೆಯವರಿಗೇ ರೈಲಿನಲ್ಲಿ ಜಾಗವಿಲ್ಲವೆಂದು ನಕ್ಕು, ಟಿಕೆಟಿನ ಮೇಲಿದ್ದ ಹತ್ತಂಕಿಯ ನಂಬರನ್ನು ಕನ್ನಡಕ ಏರಿಸಿ ನೋಡಿದರು: 4151828753.

"ಇದು ಒಡೆಯಲ್ಲ ನೋಡಿ. ಯಾವುದರಿಂದ ಭಾಗಿಸಿದ್ರೂ ಏನಾದ್ರೂ ಮಿಕ್ಕೇ ಮಿಗತ್ತೆ," ಎಂದರು.

ಅಂದರೆ ಅದು ಅವಿಭಾಜ್ಯ ಸಂಖ್ಯೆ, ಒಂದಕ್ಕೂ ತನಗೂ ಬಿಟ್ಟರೆ ಬೇರಾವುದಕ್ಕೂ ಬಗ್ಗದ್ದು ಎಂದು ಆಕೆಯ ಪಂಥ. ಪರೀಕ್ಷೆ ಸರಳ. ಅದರ ವರ್ಗಮೂಲದವರೆಗೆ, ಎಂದರೆ 64434ರವರೆಗೆ, ಬರುವ ಅವಿಭಾಜ್ಯಗಳಿಂದ ಒಂದೊಂದಾಗಿ ಭಾಗಿಸುತ್ತ ಹೋದರಾಯಿತು. ಅಂಥವು ಆರು ಸಾವಿರದ ನಾನೂರಕ್ಕೂ ಹೆಚ್ಚು. ಬೆಳಿಗ್ಗೆ ಒಂದು, ಸಂಜೆ ಒಂದು, ಅದೂ ಕೈಯಲ್ಲೇ. ಸುಮಾರು ಒಂಬತ್ತು ವರ್ಷದ ಕೆಲಸ. ಕೈಗೆ ಬೇರೆ ಕೆಲಸವಿಲ್ಲದವರ ಹುಚ್ಚು ಎನ್ನಿ. ಯುಗಾದಿಯ ದಿನ ರಾಯರು ಎರಡರಿಂದ ಶುರುಮಾಡಿದರು. ಆಯಾ ದಿನದ ಎರಡು ಸಂಖ್ಯೆಗಳನ್ನು ಅಂಬುಜಾ ಗೋಡೆಯ ಕ್ಯಾಲೆಂಡರಿನಲ್ಲಿ ತಾರೀಖಿನ ಕೆಳಗೆ ಇಡೀ ವರ್ಷಕ್ಕೆ ಮೊದಲೇ ಬರೆದಿಡುತ್ತಿದ್ದರು.

ಎರಡನೆಯ ವರ್ಷದ ಶ್ರಾವಣದಲ್ಲಿ ಆಕೆ ತೀರಿಕೊಂಡರು. ಸೂತಕದಲ್ಲಿ ಓದು ಬರಹ ಕೂಡದು. ಹದಿಮೂರನೆಯ ದಿನದ ಸಮಾರಾಧನೆ ಮುಗಿಯುವವರೆಗೆ ರಾಯರು ಪೆನ್ಸಿಲ್ ಮುಟ್ಟಲಿಲ್ಲ. ಹದಿನಾಲ್ಕನೆಯ ದಿನ ಕ್ಯಾಲೆಂಡರಿನ ಮುಂದೆ ನಿಂತವರು ಅಂದಿನ ತಾರೀಖಿನ ಸಂಖ್ಯೆಗಳನ್ನೇ ಹಿಡಿದರು. ಬಿಟ್ಟದ್ದನ್ನು ಆಮೇಲೆ ಮಾಡೋಣವೆಂದುಕೊಂಡರು. ಆ ದಿನಗಳನ್ನು ಮತ್ತೆ ನೋಡಲು ಧೈರ್ಯವೇ ಬರಲಿಲ್ಲ.

ಅವಳು ಬರೆದಿಟ್ಟದ್ದು ಮುಗಿದ ಮೇಲೆ ಸಂಖ್ಯೆಗಳನ್ನು ತಾವೇ ಬರೆದುಕೊಂಡು, ಮುಂದೆ ಏಳು ವರ್ಷಕ್ಕೂ ಮೀರಿ ಭಾಗಿಸಿದರು. ಶೇಷ ಮಿಕ್ಕಾಗಲೆಲ್ಲ ಹೆಂಡತಿಯ ಮಾತು ಉಳಿಯಿತೆಂದು ಸಮಾಧಾನ. ಅವರ ಪಾಲಿಗೆ ಅವಳದ್ದೆಂದು ಉಳಿದಿದ್ದದ್ದು ಆ ಮಾತೊಂದೇ. ಅಂಬತ್ತೂರಿನ ಕಂಪ್ಯೂಟರ್ ಕಂಪನಿಯಲ್ಲಿದ್ದ ಸೊಸೆ ನೇಹಾ ಪ್ರತಿ ಸೋಮವಾರ ಪೆನ್ಸಿಲ್ ಚೂಪು ಮಾಡಿಡುತ್ತಿದ್ದಳು, ಲೆಕ್ಕದ ಸುದ್ದಿಯನ್ನು ಮಾತ್ರ ಎತ್ತುತ್ತಿರಲಿಲ್ಲ. ಅವಳಿಗೆ ಆಸಕ್ತಿಯಿಲ್ಲವೆಂದು ರಾಯರು ತಿಳಿದಿದ್ದರು.

ಈ ಮಾಘದಲ್ಲಿ ಕೊನೆಯ ಸಂಖ್ಯೆಯೂ ಮುಗಿಯಿತು. ಉಳಿದದ್ದು ಸೂತಕದ ದಿನಗಳ ಇಪ್ಪತ್ತಾರು. ಟ್ರಂಕಿನಿಂದ ಹಳೆಯ ಕ್ಯಾಲೆಂಡರ್ ತೆಗೆದರು. ಅವಳ ಅಕ್ಷರ ಕಂಡು ಕಣ್ಣು ತುಂಬಿತು. ಆಗಲೂ ದಿನಕ್ಕೆ ಎರಡೇ ಮಾಡಿದರು. ನಾಲ್ಕನೆಯ ಸಂಜೆ, ಅವಳ ಅಸ್ಥಿ ಆರಿಸಿದ ತಾರೀಖಿನ ಕೆಳಗೆ ಇದ್ದದ್ದು 7919. ಭಾಗಿಸುತ್ತ ಬಂದಂತೆ ಕೊನೆಗೆ 55433 ನಿಂತಿತು. 7919ರ ಏಳರಷ್ಟು ಎಂದರೂ 55433. ಸೊನ್ನೆ.

ಮೂರು ಸಲ ಮಾಡಿ ನೋಡಿದರು. ಅವಳ ಮಾತು ಸುಳ್ಳಾಗಿತ್ತು. ಅಂದು ಆ ತಾರೀಖಿನ ಸಂಜೆಯೇ ಭಾಗಿಸಿದ್ದರೆ ಮುಂದಿನ ಏಳು ವರ್ಷ ಮಾಡಿದ್ದೆಲ್ಲ ಬೇಡವೇ ಬೇಡದ ಕೆಲಸವಾಗಿತ್ತು.

ಆಫೀಸಿನಿಂದ ಬಂದ ನೇಹಾಳಿಗೆ ಕಾಗದ ತೋರಿಸಿದರು. "ಒಡೆದುಹೋಯ್ತಮ್ಮ," ಎಂದರು.

ಅವಳು ಕಾಗದದ ಕಡೆ ನೋಡಲೂ ಇಲ್ಲ.

"ತೆರಿಯುಂ ಮಾವ, ನಂಗೆ ಗೊತ್ತು. ಅತ್ತೆ ತೀರಿಕೊಂಡ ವಾರವೇ ಫೋನಲ್ಲಿ ಲೆಕ್ಕ ಹಾಕಿ ನೋಡಿದ್ದೆ. ನೀವು ಆ ತಾರೀಖು ಬಿಟ್ಟು ಮುಂದೆ ಹೋದ್ರಿ. ಹೇಗೆ ಹೇಳ್ಲಿ?"

ಮಗ ಅಜಯನಿಗೂ ಗೊತ್ತೇ ಎಂದು ರಾಯರು ಕೇಳಿದರು. ಅವಳು ಹೌದೆಂದು ತಲೆಯಾಡಿಸಿದಳು. ಇಷ್ಟು ವರ್ಷ ಮನೆಯವರೆಲ್ಲ ತಮ್ಮನ್ನು ಕನಿಕರದಿಂದ ನೋಡಿಕೊಂಡಿದ್ದಾರೆಂದು ತಿಳಿದು ರಾಯರಿಗೆ ಸೊನ್ನೆ ಬಂದಾಗಿನದಕ್ಕಿಂತ ಹೆಚ್ಚು ನೋವಾಯಿತು.

ಮರುದಿನ ಸಂಧ್ಯಾವಂದನೆ ಮುಗಿಸಿ ಮೇಜಿಗೆ ಬಂದರೆ ಪೆನ್ಸಿಲ್ ಚೂಪಾಗಿತ್ತು. ಅಂದು ಸೋಮವಾರವಲ್ಲ. ಇನ್ನೂ ಹದಿನೆಂಟು ಸಂಖ್ಯೆಗಳಿದ್ದವು, ಅವುಗಳಿಂದ ತಿಳಿಯಬೇಕಾದದ್ದು ಏನೂ ಇರಲಿಲ್ಲ. ರಾಯರು ಅಂಬುಜಾ ಬರೆದಿದ್ದ 7927 ನೋಡಿ ಕೂತು ಭಾಗಿಸತೊಡಗಿದರು.