ಅಪ್ಪಯ್ಯಣ್ಣನ ಮಿಲಿಟರಿ ಲಾರಿ

ದೊಡ್ಡಬಳ್ಳಾಪುರದಲ್ಲಿ ಅಪ್ಪಯ್ಯಣ್ಣನನ್ನು ‘ಅಳಿಯನನ್ನು ಕೊಂದ ಮೆಕ್ಯಾನಿಕ್’ ಅನ್ನುತ್ತಿದ್ದರು. ಕೇಳಿದಾಗಲೆಲ್ಲ ನನ್ನ ಮೈ ಉರಿಯುತ್ತಿತ್ತು. ಅವನ ಮಗಳು ಇರುವವರೆಗೆ ಬಾಯಿ ಬಿಡುವುದಿಲ್ಲವೆಂದು ಮಾತು ಕೊಟ್ಟಿದ್ದೆ. ಈಗ ಅವಳೂ ಹೋದಳು, ಇನ್ನು ಯಾರ ಹಂಗೂ ನನಗಿಲ್ಲ.

ಎರಡನೇ ಮಹಾಯುದ್ಧದ ಕಾಲದಲ್ಲಿ ಅಪ್ಪಯ್ಯಣ್ಣ ಬೆಂಗಳೂರಿನ ಮಿಲಿಟರಿ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ. ಯುದ್ಧ ಮುಗಿದು ಹಳೆಯ ಲಾರಿಗಳು ಹರಾಜಿಗೆ ಬಂದಾಗ ಊರಿಗೆ ಮರಳಿ, ದೇವನಹಳ್ಳಿ ರಸ್ತೆಯ ಪಕ್ಕ ಶೆಡ್ಡು ಹಾಕಿ ರಿಪೇರಿಗೆ ಕೂತ. ಪಕ್ಕದಲ್ಲೇ ನನ್ನ ಮರಗೆಲಸ. ಅವನು ಇಂಜಿನ್ನಿಗೆ ಜೀವ ಕೊಟ್ಟರೆ ನಾನು ಮರದ ಬಾಡಿ ಕಟ್ಟುತ್ತಿದ್ದೆ. ಡೀಸೆಲ್ ಗಾಡಿ ಆಗ ಅಪರೂಪ, ಕ್ರೂಡಾಯಿಲ್ ಗಾಡಿ ಅನ್ನುತ್ತಿದ್ದೆವು. ಅದರ ಒಳಗುಟ್ಟು ನಮ್ಮೂರಲ್ಲಿ ಬಲ್ಲವನು ಅವನೊಬ್ಬನೇ. ಎತ್ತಿನ ಮೈ ಸವರುವ ಹಾಗೆ ಲಾರಿಯ ಮೈ ಸವರುತ್ತಿದ್ದ. ಊಟ ತಂದ ಮಗಳು ಗಂಗಲಕ್ಷ್ಮಮ್ಮನಿಗೆ ಎಣ್ಣೆ ಟ್ಯಾಂಕಿ ತಟ್ಟಿ ತೋರಿಸಿ, “ಇದು ಗಾಡಿ ಹೊಟ್ಟೆ ಕಣಮ್ಮ. ಹೊಟ್ಟೆಗೆ ಒಳ್ಳೇದು ಬಿದ್ರೆ ಗಾಡಿ ನಮ್ಮನ್ನ ಕಾಯ್ತದೆ” ಅನ್ನುತ್ತಿದ್ದ. ತಾಯಿಯಿಲ್ಲದ ಹುಡುಗಿ, ಅಪ್ಪನ ಮಾತೇ ಅವಳಿಗೆ ವೇದ.

ಅವಳನ್ನು ರಾಮಾಂಜಿನಪ್ಪನಿಗೆ ಕೊಟ್ಟ. ಅಳಿಯನಿಗೆಂದೇ ಗುಜರಿಗೆ ಬಿದ್ದಿದ್ದ ಮಿಲಿಟರಿಯ ಒಂದು ಡೀಸೆಲ್ ಲಾರಿಯನ್ನು ಎಬ್ಬಿಸಿ ನಿಲ್ಲಿಸಿದ. “ದಾರೀಲಿ ನಿಂತ್ರೆ ಗಾಬರಿಯಾಗ್ಬೇಡಪ್ಪ. ಪೈಪಿಗೆ ಗಾಳಿ ಹೊಕ್ಕಿರ್ತದೆ. ಬಾನೆಟ್ ಎತ್ತಿ, ಸ್ಕ್ರೂ ಸಡಿಲ ಮಾಡಿ ಗಾಳಿ ಬಿಡು, ಎದ್ದೇಳ್ತದೆ” ಎಂದು ಕೈಹಿಡಿದು ಕಲಿಸಿದ.

ಆ ವರ್ಷ ಆಯುಧಪೂಜೆಗೆ ಲಾರಿಗೆ ಬೂದುಗುಂಬಳ ಒಡೆದೆವು. ಗಂಗಲಕ್ಷ್ಮಮ್ಮ ಆಂಜನೇಯನ ಗುಡಿಯಿಂದ ಚೊಂಬಿನ ತುಂಬ ತುಳಸಿ ತೀರ್ಥ ತಂದು ಗಾಡಿಯ ಸುತ್ತ ಚಿಮುಕಿಸುತ್ತಿದ್ದಳು. ನಾವು ಕಡ್ಲೆಪುರಿ ಮೆಲ್ಲುತ್ತಾ ಹರಟೆಗೆ ಕೂತಿದ್ದೆವು.

ಮಾರನೆಯ ದಿನ ರಾಮಾಂಜಿನಪ್ಪ ಕಲ್ಲುಚಪ್ಪಡಿ ಹೇರಿಕೊಂಡು ಹೊರಟ. ಊರಾಚೆ ರೈಲುಹಳಿ ದಾಟುವಾಗ ಇಂಜಿನ್ ನಿಂತುಹೋಯಿತು. ಜೊತೆಯಲ್ಲಿದ್ದ ಹಮಾಲಿ ದೊಡ್ಡಮುನಿಯಪ್ಪ ಹಾರಿಕೊಂಡು, “ಬಿಟ್ಟು ಬಾರೋ!” ಎಂದು ಬಡಕೊಂಡ. ಇವನು ಬಾನೆಟ್ ಎತ್ತಿ, “ಗಾಳಿ ಬಿಟ್ರೆ ಎದ್ದೇಳ್ತದೆ ಕಣಣ್ಣ” ಅಂದನಂತೆ. ತಿರುವಿನಲ್ಲಿ ಬಂದ ರೈಲು ಲಾರಿಯ ಹಿಂಭಾಗಕ್ಕೆ ಹೊಡೆಯಿತು. ಮುಂದೆ ನಿಂತಿದ್ದ ಇವನು ಲಾರಿಯಡಿ ಸಿಕ್ಕಿಕೊಂಡ. ಹೊರಗೆ ತೆಗೆದಾಗಲೂ ಕೈಯಲ್ಲಿ ಸ್ಪ್ಯಾನರ್ ಇತ್ತು.

ಹೆಣದ ಮುಂದೆ ಗಂಗಲಕ್ಷ್ಮಮ್ಮ ಎದೆ ಬಡಿದುಕೊಂಡು ಅತ್ತಳು. “ಆಂಜನೇಯಾ, ನಿನ್ನ ತೀರ್ಥ ಮೇಲೆ ಚಿಮುಕಿಸಿದ್ದಷ್ಟೇ ಅಲ್ಲ, ಗಾಡಿ ಹೊಟ್ಟೆಗೂ ಹುಯ್ದಿದ್ದೆನಲ್ಲೋ, ಆದ್ರೂ ಕಾಯ್ಲಿಲ್ವಲ್ಲೋ!” ಅಲ್ಲಿದ್ದವರಿಗೆ ಅದು ಸಂಕಟದ ಮಾತು. ಅಪ್ಪಯ್ಯಣ್ಣನ ಮುಖ ಮಾತ್ರ ಕಪ್ಪಿಟ್ಟಿತು.

ಎತ್ತು ಕಟ್ಟಿ ಲಾರಿಯನ್ನು ಶೆಡ್ಡಿಗೆ ಎಳೆತಂದ ಮೇಲೆ ಅವನು ನನ್ನೆದುರೇ ಡೀಸೆಲ್ ಸೋಸುವ ಫಿಲ್ಟರ್ ಬಿಚ್ಚಿದ. ಅದರ ಬಟ್ಟಲಲ್ಲಿ ಎಣ್ಣೆಯ ಕೆಳಗೆ ನೀರು. ಟ್ಯಾಂಕಿ ಬರಿದು ಮಾಡಿದಾಗ ಒಂದು ತುಳಸಿ ದಳ ಬಂತು.

“ಡೀಸೆಲ್ಲಿಗೆ ನೀರು ಬೆರೆತ್ರೆ ಗಾಡಿ ಸಾಯ್ತದೆ ಆಚಾರ್ರೇ. ಎಷ್ಟು ಗಾಳಿ ಬಿಟ್ರೂ ಏಳಲ್ಲ” ಅಂದ. ಆಮೇಲೆ ನೆಲದ ಮೇಲೆ ಕುಕ್ಕರಿಸಿ, “ಅದು ಹೊಟ್ಟೆ ಅಂತ ಅವಳಿಗೆ ಹೇಳ್ಕೊಟ್ಟೋನು ನಾನೇ. ಇದು ಅವಳಿಗೆ ಗೊತ್ತಾದ್ರೆ ಬಾವಿ ನೋಡ್ಕೋತಾಳೆ. ಅವಳಿರೋವರೆಗೂ ನಿಮ್ಮ ಕಣ್ಣಿಗೆ ಏನೂ ಬಿದ್ದಿಲ್ಲ, ಆಣೆ ಮಾಡಿ” ಅಂದ. ಮಾಡಿದೆ.

ಗಾಡಿ ಯಾಕೆ ನಿಂತಿತೆಂದು ಮಗಳು ಕೇಳಿದಾಗ ಅವನು ತಲೆ ತಗ್ಗಿಸಿ, “ಮಿಲಿಟರಿಯವರ ಕಾಲದ ಕಸ ಫಿಲ್ಟರಲ್ಲೇ ಉಳಿದಿತ್ತಮ್ಮ. ನಾನು ಸರಿಯಾಗಿ ತೊಳೀಲಿಲ್ಲ” ಅಂದ.

“ಹಂಗಾದ್ರೆ ನನ್ನ ಕುಂಕುಮ ಅಳಿಸಿದ್ದು ನೀನೇ” ಎಂದು ಅವಳು ಗಂಡನ ಮನೆಗೆ ಹೊರಟುಹೋದಳು. ಮತ್ತೆ ಅಪ್ಪನ ಹೊಸಿಲು ತುಳಿಯಲಿಲ್ಲ. ಸುದ್ದಿ ಹಬ್ಬಿತು. ಗಾಡಿಯವರು ಶೆಡ್ಡು ದಾಟಿ ಬೇರೆ ಕಡೆ ಹೋಗತೊಡಗಿದರು. ತಾನೇ ತನ್ನ ಕೈಯಾರೆ ಹೆಸರು ಕೆಡಿಸಿಕೊಂಡ ಆ ಮನುಷ್ಯನನ್ನು ಕಂಡರೆ ನನಗೆ ಸಿಟ್ಟೂ ಬರುತ್ತಿತ್ತು, ಅಳುವೂ ಬರುತ್ತಿತ್ತು. ಹೇಳಿಬಿಡೋಣ ಅಂದರೆ, “ಅವಳು ನನ್ನ ಬೈಕೊಂಡಾದ್ರೂ ಬದುಕಿದಾಳಲ್ಲ ಬಿಡಿ” ಅನ್ನುತ್ತಿದ್ದ.

ನಲವತ್ತೊಂಬತ್ತನೇ ಇಸವಿಯಲ್ಲಿ ಎದೆರೋಗ ಹಿಡಿದು ಹಾಸಿಗೆಗೆ ಬಿದ್ದ. ನಾನೇ ಹೋಗಿ ಗಂಗಲಕ್ಷ್ಮಮ್ಮನ ಕಾಲು ಹಿಡಿಯುವುದೊಂದು ಬಾಕಿ, ಅಷ್ಟು ಬೇಡಿಕೊಂಡೆ. ಬಂದಳು. ದಾರಿಯಲ್ಲಿ ಆಂಜನೇಯನ ಗುಡಿ ಹೊಕ್ಕು ತೀರ್ಥ ತಂದಿದ್ದಳು, ಅದೇ ಚೊಂಬಿನಲ್ಲಿ.

“ನಿನ್ನ ಮೇಲಿನ ಸಿಟ್ಟು ಹೋಗಿಲ್ಲಪ್ಪ. ಬಾಯಿಗೆ ನೀರು ಬಿಡೋಕೆ ನಾನೊಬ್ಬಳೇ ಇರೋದು, ಅದಕ್ಕೆ ಬಂದೆ” ಅಂದಳು.

ನನಗೆ ತಡೆಯಲಾಗಲಿಲ್ಲ, “ತಾಯೀ...” ಅಂದೆ. ಅಪ್ಪಯ್ಯಣ್ಣ ನನ್ನ ಕಡೆ ನೋಡಿ, ಬೇಡ ಎಂಬಂತೆ ಮೆಲ್ಲಗೆ ತಲೆಯಾಡಿಸಿದ. ಆಮೇಲೆ ಮಗಳ ಕಡೆ ತಿರುಗಿ ಬಾಯಿ ತೆರೆದ.

ಅವಳು ತೀರ್ಥ ಬಿಟ್ಟಳು. ತುಳಸಿ ದಳವೊಂದು ತುಟಿಯ ಮೇಲೆ ಉಳಿಯಿತು. ಅವಳೇ ಅದನ್ನು ಬೆರಳಿನಿಂದ ಒಳಗಿಟ್ಟಳು. ಅವನು ನುಂಗಿದ.