ಯಲ್ಲಾಪುರದ ಹುಲ್ಲಿನ ತಾರಸಿ

ಕಳೆದ ವರ್ಷ ತೀರಿಕೊಂಡ ನಮ್ಮ ಮನೆಯವರು ಕಟ್ಟಿದ ಕೊನೆಯ ತಾರಸಿ ಯಲ್ಲಾಪುರದಲ್ಲಿದೆ. ಮೇಲೆ ಮಣ್ಣು ಹರವಿ ಹುಲ್ಲು ಬೆಳೆಸಿದ್ದು. ಸೋರುತ್ತದೋ ಇಲ್ಲವೋ ನೋಡಲೇಬೇಕಿತ್ತು. ಮಳೆಯಲ್ಲೇ ಶಿರಸಿಯಿಂದ ಬಸ್ಸು ಹತ್ತಿದೆ.

ಅಕ್ಕಪಕ್ಕದ ತಾರಸಿಗಳ ನೀರು ಬೀದಿಗೆ ಧುಮುಕುತ್ತಿತ್ತು. ಹುಲ್ಲಿನ ತಾರಸಿಯ ಪೈಪಿನಿಂದ ಬೆರಳಿನ ಗಾತ್ರದ ಧಾರೆ ಮಾತ್ರ; ಉಳಿದದ್ದನ್ನು ಮಣ್ಣೇ ಹೀರಿಕೊಂಡಿತ್ತು.

"ಬರ್ರಿ ಅಕ್ಕಾ, ಒಳಗೂ ನೋಡ್ರಿ," ಎಂದರು ಮನೆಯ ಯಜಮಾನರು, ಲಾರಿ ಇಟ್ಟುಕೊಂಡಿರುವ ರಫೀಕ್ ಸಾಹೇಬರು. ಸ್ಟೂಲು ಹತ್ತಿ ಸ್ಲ್ಯಾಬಿಗೆ ಅಂಗೈ ಒತ್ತಿದೆ. ಪಸೆಯೇ ಇರಲಿಲ್ಲ.

"ಸೋರಿದ್ರೆ ಮೀಸೆ ಬೋಳಿಸ್ತೆ ಅಂದಿದ್ರು ನಿಮ್ಮ ಮನೆಯವ್ರು. ಇಡೀ ಓಣಿ ಕಾಯ್ತಿತ್ತು!" ಎಂದು ಸಾಹೇಬರು ನಕ್ಕರು.

"ಮೀಸೆ ಇಟ್ಟುಕೊಂಡೇ ಹೋದ್ರು," ಎಂದೆ.

ಅವರು ಕೊಡೆ ಕೊಟ್ಟು, "ಮೇಲೆ ಕೂತು ಬರ್ರಿ. ಬೇಜಾರಾದ್ರೆ ನಾನೂ ಅಲ್ಲೇ ಕೂರೋದು," ಎಂದರು.

ಹುಲ್ಲಿನ ನಡುವಿನ ಕಲ್ಲಿನ ಮೇಲೆ ಕೂತೆ. ಮಳೆ ಇನ್ನೂ ಜೋರಾಯಿತು. ಬರಲಿ ಎಂದುಕೊಂಡೆ.