ವಿಯೆಟ್ನಾಂ ಸಮಿತಿ ಮತ್ತು ಒಂದು ಪ್ಲಾಸ್ಟಿಕ್ ಸ್ಟೂಲು

ಅದು ೨೦೨೦ನೆಯ ಇಸವಿ. ನನಗಾಗ ಐವತ್ತೊಂದು ವರ್ಷ. ಮೈಸೂರಿನ ಪ್ರೌಢಶಾಲೆಯೊಂದರಲ್ಲಿ ಎರಡು ದಶಕ ಕನ್ನಡ ವ್ಯಾಕರಣವನ್ನು ಬೋಧಿಸಿ, ಆ ಮೇಲೆ ಹೆಂಡತಿಯ ಉದ್ಯೋಗ ಪರವಾನಗಿಯ ನೆರಳಿನಲ್ಲಿ ನೆದರ್‌ಲೆಂಡ್ಸಿಗೆ ಬಂದು, ಹೇಗ್ ನಗರಕ್ಕೆ ಅಂಟಿಕೊಂಡಂತಿರುವ ವೂರ್‌ಬರ್ಗಿನಲ್ಲಿ ನೆಲೆಸಿದ್ದೆ. ಅವಳು ಕಂಪ್ಯೂಟರಿನ ಮುಂದೆ ದುಡಿಯುತ್ತಿದ್ದಳು. ನಾನು ಮನೆಯನ್ನೂ ಭಾನುವಾರದ ಕನ್ನಡ ತರಗತಿಯನ್ನೂ ನೋಡಿಕೊಳ್ಳುತ್ತಿದ್ದೆ. ಇಲ್ಲಿನ ಕನ್ನಡಿಗರೆಲ್ಲ ನನ್ನನ್ನು ಮೇಷ್ಟ್ರು ಎಂದೇ ಕರೆಯುತ್ತಾರೆ. ಹಾಗೆ ಕರೆದವರು ಮುಂದಿನ ವಾಕ್ಯವನ್ನು ಸ್ವಲ್ಪ ಎಚ್ಚರದಿಂದ ಆಡುತ್ತಾರೆ ಎಂಬುದು ನನ್ನ ಅನುಭವ.

ಆ ವರ್ಷದ ವಸಂತದಲ್ಲಿ ನಾವಿಬ್ಬರೂ ವಿಯೆಟ್ನಾಮಿಗೆ ಹೋಗುವುದೆಂದು ನಿಶ್ಚಯವಾಗಿತ್ತು. ಮದುವೆಯಾದಂದಿನಿಂದ ನಮ್ಮ ರಜೆಗಳೆಲ್ಲ ಯಾರದೋ ಮದುವೆ, ಯಾರದೋ ಉಪನಯನ, ಯಾರದೋ ಗೃಹಪ್ರವೇಶಗಳಲ್ಲಿ ಕಳೆದುಹೋಗಿದ್ದವು. ಯಾರ ಮನೆಗೂ ಅಲ್ಲದ ಮೊದಲ ಪ್ರವಾಸ ಇದು. ನನ್ನ ಹೆಂಡತಿಯ ಬಯಕೆಯೂ ವಿಚಿತ್ರವಾಗಿತ್ತು. ಹನೋಯಿ ನಗರದ ಒಂದು ಚಿತ್ರವನ್ನು ಅವಳು ಎಲ್ಲಿಯೋ ನೋಡಿದ್ದಳು: ಬೀದಿಬದಿಯ ಕಾಲುದಾರಿಯ ಮೇಲೆ ಮೊಣಕಾಲಿಗಿಂತ ಗಿಡ್ಡನೆಯ ಪ್ಲಾಸ್ಟಿಕ್ ಸ್ಟೂಲುಗಳು, ಅವುಗಳ ಮೇಲೆ ಕುಳಿತ ಜನ, ಪ್ರತಿಯೊಬ್ಬರ ಲೋಟದ ಮೇಲೂ ಒಂದು ಪುಟ್ಟ ತಗಡಿನ ಫಿಲ್ಟರು, ಅದರಿಂದ ತೊಟ್ಟುತೊಟ್ಟಾಗಿ ಇಳಿಯುವ ಕಾಫಿ.

"ಒಂದು ಬೆಳಿಗ್ಗೆ ಅಲ್ಲಿ ಕೂತ್ಕೋಬೇಕು," ಎಂದಳು. "ಏನೂ ನೋಡ್ಬಾರ್ದು. ಎಲ್ಲಿಗೂ ಹೋಗ್ಬಾರ್ದು. ಬರೀ ಕೂತ್ಕೋಬೇಕು."

"ಏನೂ ನೋಡದೆ ಇರೋದಕ್ಕೆ ಅಷ್ಟು ದೂರ ಹೋಗ್ಬೇಕೇ?"

"ಹತ್ತಿರದಲ್ಲಿ ಯಾರು ಬಿಡ್ತಾರೆ?"

ಮಾರ್ಚಿನಲ್ಲಿ ಲೋಕಕ್ಕೆ ಬೀಗ ಬಿತ್ತು. ವಿಮಾನ ಹಾರಲಿಲ್ಲ. ಆಗ ಹುಟ್ಟಿಕೊಂಡದ್ದು ಸಮಿತಿ.

ಕನ್ನಡಿಗರಿಗೆ ಪ್ರವಾಸವೆಂದರೆ ಪ್ರವಾಸವಲ್ಲ. ಅದರ ಪೂರ್ವಭಾವಿ ಸಭೆ. ನಮ್ಮ ವಿಯೆಟ್ನಾಮಿನ ಸುದ್ದಿ ತಿಳಿದ ಕೂಡಲೇ ಇನ್ನೆರಡು ಕುಟುಂಬಗಳು, "ಹೇಗೂ ಈಗ ಹೋಗಕ್ಕಾಗಲ್ಲ, ಹೋಗುವಾಗ ಒಟ್ಟಿಗೆ ಹೋಗೋಣ" ಎಂದು ಸೇರಿಕೊಂಡವು. ಒಂದು, ಹೇಗ್ ನಗರದಲ್ಲಿದ್ದ ಉಡುಪಿಯ ದಂಪತಿ. ಯಜಮಾನರು ದೊಡ್ಡ ಕಂಪನಿಯೊಂದರ ಮ್ಯಾನೇಜರು. ಯಾರೂ ಆರಿಸದಿದ್ದರೂ ಮೊದಲ ಸಭೆಯಿಂದಲೇ ಅಧ್ಯಕ್ಷರಾದರು. ಇನ್ನೊಂದು, ಡೆಲ್ಫ್ಟಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ ಬೆಂಗಳೂರಿನ ತರುಣ ಮತ್ತು ಅವನ ಪತ್ನಿ. ಕಾಲವಿಭಾಗದ ಪಟ್ಟಿಯನ್ನು ತಯಾರಿಸುವ ಹೊಣೆ ಸಹಜವಾಗಿಯೇ ನನ್ನ ಪಾಲಿಗೆ ಬಂದಿತು. ಗಂಟೆ ಹೊಡೆದಾಗ ಏಳದ ಪ್ರವಾಸವನ್ನು ನಾನು ಪ್ರವಾಸವೆಂದು ಒಪ್ಪುವವನಲ್ಲ.

ಪ್ರತಿ ಶನಿವಾರ ಮಧ್ಯಾಹ್ನ ವಿಡಿಯೋದಲ್ಲಿ ಸೇರುತ್ತಿದ್ದೆವು. ಮನೆಗೆ ಅತಿಥಿಗಳನ್ನು ಕರೆಯಲು ಸರ್ಕಾರ ಬಿಡದ, ಅಂಗಡಿಯಲ್ಲಿ ಒಂದೂವರೆ ಮೀಟರ್ ದೂರ ನಿಲ್ಲಬೇಕಾಗಿದ್ದ ಆ ದಿನಗಳಲ್ಲಿ ವಿಯೆಟ್ನಾಮೊಂದೇ ನಮಗೆ ಹತ್ತಿರದ ದೇಶವಾಗಿತ್ತು. ಅಧ್ಯಕ್ಷರು ಒಂದೊಂದು ವಾರ ಒಂದೊಂದು ಪ್ರೇಕ್ಷಣೀಯ ಸ್ಥಳದ ಚಿತ್ರಗಳನ್ನು ತೆರೆಯ ಮೇಲೆ ತೋರಿಸುವರು. ಸಮಿತಿಯು ಅದನ್ನು ಊರಿನ ಯಾವುದಾದರೊಂದು ಸ್ಥಳದೊಡನೆ ಹೋಲಿಸಿ, ಊರನ್ನು ಗೆಲ್ಲಿಸಿ, ಆದರೂ ನೋಡಿಬರೋಣ ಎಂದು ಠರಾವು ಮಾಡುವುದು. ಹಾ ಲಾಂಗ್ ಕೊಲ್ಲಿಯಲ್ಲಿ ಸಮುದ್ರದಿಂದ ನೇರವಾಗಿ ಮೇಲೆದ್ದ ಸಾವಿರಾರು ಸುಣ್ಣದ ಬಂಡೆಗಳನ್ನು ನೋಡಿ ನಾವೆಲ್ಲ ಒಂದು ಕ್ಷಣ ಸುಮ್ಮನಾದೆವು. ಅಧ್ಯಕ್ಷರು ಮೌನವನ್ನು ಸಹಿಸುವವರಲ್ಲ.

"ಇದು ನಮ್ಮ ಮಲ್ಪೆಯಲ್ಲಿ ಸಹ ಉಂಟು ಮಾರಾಯ್ರೆ. ಇಷ್ಟು ಇಲ್ಲ. ಆದ್ರೆ ಉಂಟು."

ಹೋಯಿ ಆನ್ ಎಂಬ ಹಳೆಯ ಬಂದರಿನಲ್ಲಿ ಸಂಜೆ ಬೀದಿತುಂಬ ತೂಗುವ ರೇಷ್ಮೆಯ ದೀಪಗಳು ದೀಪಾವಳಿಯ ಆಕಾಶಬುಟ್ಟಿಗಳಾದವು. ಹನೋಯಿಯ ಜಲಗೊಂಬೆಯಾಟದಲ್ಲಿ ಆಡಿಸುವವರು ಪರದೆಯ ಹಿಂದೆ ಸೊಂಟದವರೆಗೆ ನೀರಿನಲ್ಲಿ ನಿಂತು, ನೀರಿನಡಿಯ ಕೋಲುಗಳಿಂದ ಗೊಂಬೆಗಳನ್ನು ಕುಣಿಸುತ್ತಾರೆ. ಆ ಸೊಬಗನ್ನು ಕಂಡು ಅಧ್ಯಕ್ಷರ ಪತ್ನಿ ಕೇಳಿದ್ದು ಒಂದೇ ಪ್ರಶ್ನೆ:

"ಅವರಿಗೆ ಶೀತ ಆಗುದಿಲ್ವಾ?"

ಯುದ್ಧಕಾಲದ ಕೂ ಚಿ ಸುರಂಗಗಳ ಸರದಿ ಬಂದಾಗ ಡೆಲ್ಫ್ಟಿನ ತರುಣ, "ಸರ್, ಆ ಹೋಲ್ ಸೈಜ್ ನೋಡಿದ್ರಾ? ಪ್ರೆಸಿಡೆಂಟ್ ಒಳಗೆ ಹೋದ್ರೆ ಇನ್ನೊಂದು ವಾರ್ ಶುರುವಾಗುತ್ತೆ," ಎಂದ. ಅಧ್ಯಕ್ಷರು ತಮ್ಮ ಕ್ಯಾಮರಾವನ್ನು ಎದೆಯ ಮಟ್ಟಕ್ಕೆ ಏರಿಸಿಕೊಂಡರು.

ನಿಜವಾದ ಗದ್ದಲವಾದದ್ದು ಹನೋಯಿಯ ಕಾಫಿಯ ವಾರ. ಅಲ್ಲಿ ಮೊಟ್ಟೆಯ ಹಳದಿಯನ್ನು ಸಕ್ಕರೆಯೊಡನೆ ನೊರೆಯಾಗಿ ಕಡೆದು ಕಾಫಿಯ ಮೇಲೆ ತೇಲಿಸಿ ಕುಡಿಯುತ್ತಾರೆಂಬ ಸಂಗತಿ ಹೊರಬಿತ್ತು. ಅಧ್ಯಕ್ಷರ ಮನೆಯಲ್ಲಿ ಮೊಟ್ಟೆಯ ಹೆಸರನ್ನೂ ಹೇಳುವುದಿಲ್ಲ. ಹೇಳಲೇಬೇಕಾದಾಗ "ಆ ವಸ್ತು" ಎನ್ನುತ್ತಾರೆ.

"ಆ ವಸ್ತು ಹಾಕಿದ ಲೋಟದಲ್ಲೇ ನಮಗೂ ಕೊಡುದು ಅಂದ್ರೆ ಎಂತ ಮಾಡುದು? ನಮಗೆ ನಮ್ಮದೇ ಲೋಟ ಬೇಕು. ನಮ್ಮದೇ ಅಡಿಗೆಯವ ಬೇಕು."

ಹೀಗೆ ಅಡಿಗೆಯವನು ಪ್ರವೇಶಿಸಿದನು. ಅವನಿಗೆ ಅಡಿಗೆಮನೆ ಬೇಕಾಗಿ, ಅಡಿಗೆಮನೆಯುಳ್ಳ ವಸತಿ ಬೇಕಾಯಿತು. ಅಂಥ ವಸತಿ ಹನೋಯಿಯ ಹಳೆಯ ಬೀದಿಗಳಿಂದ ದೂರದಲ್ಲಿ ಮಾತ್ರ ದೊರೆತುದರಿಂದ, ಅಲ್ಲಿ ದೋಸೆ ತಿಂದು ಬಸ್ಸು ಹತ್ತುವ ಹೊತ್ತಿಗೆ ಬೆಳಿಗ್ಗೆ ಮುಗಿದಿರುತ್ತಿತ್ತು. ನನ್ನ ಹೆಂಡತಿಯ ಬೆಳಗಿಗೆ ಪಟ್ಟಿಯಲ್ಲಿ ಬಿದ್ದ ಮೊದಲ ಕತ್ತರಿ ಅದು. ಬಳಿಕ ಅದನ್ನು ಮೂರನೆಯ ದಿನಕ್ಕೆ ಸರಿಸಲಾಯಿತು. ಆದರೆ ಅಧ್ಯಕ್ಷರು ಮೀ ಸನ್ ಎಂಬಲ್ಲಿ ಚಾಮ್ ಅರಸರು ಇಟ್ಟಿಗೆಯಿಂದ ಕಟ್ಟಿಸಿದ ಶಿವಾಲಯಗಳಿರುವುದನ್ನು ಪತ್ತೆಮಾಡಿದರು. ಅವು ಹಾಳುಬಿದ್ದು, ಸೂರು ಕುಸಿದು, ಪೂಜೆ ನಿಂತು ಶತಮಾನಗಳಾಗಿದ್ದವು. ಅಧ್ಯಕ್ಷರಿಗೆ ಅದು ಅಡ್ಡಿಯಾಗಿ ಕಾಣಲಿಲ್ಲ.

"ಪೂಜೆ ನಿಂತದ್ದಲ್ವಾ? ನಾವು ಹೋಗಿ ಒಂದು ರುದ್ರಾಭಿಷೇಕ ಮಾಡುವ."

"ಅದು ಸಂರಕ್ಷಿತ ಸ್ಮಾರಕ," ಎಂದೆ. "ಅಲ್ಲಿ ಹಾಲು ಸುರಿದರೆ ಪೊಲೀಸರು ಬರುತ್ತಾರೆ."

"ಪೊಲೀಸರಿಗೂ ತೀರ್ಥ ಕೊಡುವ ಮೇಷ್ಟ್ರೆ."

ಅಭಿಷೇಕಕ್ಕೆ ಒಂದು ಹಗಲು ಬೇಕಾಗಿ, ಮೂರನೆಯ ದಿನದ ಬೆಳಗೂ ಹೋಯಿತು. ಪಟ್ಟಿಯನ್ನು ತಿದ್ದುತ್ತಿದ್ದವನು ನಾನು. ಪಕ್ಕದ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದ ಹೆಂಡತಿ ಬಾಗಿಲಿಗೆ ಬಂದು, "ನನ್ನ ಬೆಳಿಗ್ಗೆ ಈಗ ಯಾವ ದಿನಕ್ಕಿದೆ?" ಎಂದು ಕೇಳುವಳು. ಮೊದಮೊದಲು ಇಂಥ ದಿನವೆಂದು ಉತ್ತರಿಸುತ್ತಿದ್ದೆ. ಎರಡನೆಯ ಚಳಿಗಾಲದ ಹೊತ್ತಿಗೆ, "ಪರಿಶೀಲನೆಯಲ್ಲಿದೆ," ಎನ್ನುವ ಹಂತವನ್ನು ತಲುಪಿದ್ದೆ. ಅವಳು ಮತ್ತೆ ಕೇಳುವುದನ್ನು ನಿಲ್ಲಿಸಿದಳು.

ಕೇಳುವುದಕ್ಕೆ ಬದಲಾಗಿ ಅವಳು ಮಾಡಿದ್ದು ಬೇರೆ. ಆ ಚಳಿಗಾಲದಲ್ಲಿ ಕಾಫಿ ಅಂಗಡಿಗಳು ಒಳಗೆ ಯಾರನ್ನೂ ಕೂರಿಸಿಕೊಳ್ಳುತ್ತಿರಲಿಲ್ಲ. ಡಚ್ಚರು ಕಾಗದದ ಲೋಟಗಳನ್ನು ಹಿಡಿದು ಕೊರೆಯುವ ಗಾಳಿಯಲ್ಲಿ ನಿಂತೇ ಕುಡಿಯುತ್ತಿದ್ದರು. ಒಂದು ಶನಿವಾರ ಬೆಳಿಗ್ಗೆ ನನ್ನ ಹೆಂಡತಿ ಬಚ್ಚಲುಮನೆಯ ನೀಲಿ ಪ್ಲಾಸ್ಟಿಕ್ ಸ್ಟೂಲನ್ನು ಎತ್ತಿಕೊಂಡು ಹೋಗಿ, ಮನೆಯ ಮುಂದಿನ ಕಾಲುದಾರಿಯ ಮೇಲೆ ಹಾಕಿ, ದಪ್ಪ ಕೋಟು ತೊಟ್ಟು, ಸ್ಟೀಲಿನ ಲೋಟದಲ್ಲಿ ಫಿಲ್ಟರ್ ಕಾಫಿ ಹಿಡಿದು ಕುಳಿತುಬಿಟ್ಟಳು.

"ಸ್ನಾನದ ಸ್ಟೂಲು ಬೀದಿಯಲ್ಲಿಟ್ಟರೆ ನೋಡಿದವರು ಏನಂದುಕೊಳ್ಳುತ್ತಾರೆ?" ಎಂದು ಕಿಟಕಿಯಿಂದ ಕೇಳಿದೆ.

"ಇದು ಸ್ನಾನದ್ದು ಅಂತ ಇಲ್ಲಿ ನಿಮಗೊಬ್ಬರಿಗೇ ಗೊತ್ತಿರೋದು."

ಮರುವಾರ ಪಕ್ಕದ ಮನೆಯ ವೃದ್ಧ ಡಚ್ ಮಹಿಳೆ ತನ್ನ ತೋಟದ ಮಣೆಯೊಂದನ್ನು ತಂದು, ನಿಯಮದಂತೆ ದೂರ ಬಿಟ್ಟು ಕುಳಿತಳು. ಆಕೆ ಗಂಡ ತೀರಿದ ಮರುವರ್ಷ ಒಬ್ಬಳೇ ಹನೋಯಿಗೆ ಹೋಗಿಬಂದವಳೆಂಬುದು ಆಗ ತಿಳಿಯಿತು. ನನ್ನ ಹೆಂಡತಿ ಸಮಿತಿಯ ವಿಚಾರವನ್ನೂ ಅಡಿಗೆಯವನ ವಿಚಾರವನ್ನೂ ಅಭಿಷೇಕದ ವಿಚಾರವನ್ನೂ ವಿವರಿಸಿದಳು. ಮುದುಕಿ ಎಲ್ಲವನ್ನೂ ಕೇಳಿಸಿಕೊಂಡು ಎರಡೇ ಪದ ಹೇಳಿದಳು: "ಖೆವೋನ್ ಖಾನ್." ಸುಮ್ಮನೆ ಹೋಗು ಎಂದು ಅದರ ಅರ್ಥ. ಡಚ್ಚರಿಗೆ ಯಾವುದನ್ನೂ ಜಟಿಲಗೊಳಿಸುವ ಪ್ರತಿಭೆ ಇಲ್ಲ.

೨೦೨೨ರ ಮಾರ್ಚಿನಲ್ಲಿ ನಿರ್ಬಂಧಗಳು ತೆರವಾದವು. ವಿಯೆಟ್ನಾಂ ಕೂಡ ಬಾಗಿಲು ತೆರೆಯಿತು. ಸಮಿತಿಯು ಮೊದಲ ಬಾರಿಗೆ ಖುದ್ದಾಗಿ ನಮ್ಮ ಮನೆಯಲ್ಲಿ ಸೇರಿತು. ಮುಖಾಮುಖಿಯಾದಾಗ ಅಧ್ಯಕ್ಷರು ತೆರೆಯ ಮೇಲಿದ್ದುದಕ್ಕಿಂತ ಗಿಡ್ಡಗಿದ್ದರು. ಕುಂದಾಪುರದ ಅಡಿಗೆಯವನೊಬ್ಬ ಸಿಕ್ಕಿದ್ದಾನೆಂದೂ, ಪುಳಿಯೋಗರೆ ಗೊಜ್ಜನ್ನು ಮಾತ್ರ ಇಲ್ಲಿಂದ ಒಯ್ಯಬೇಕೆಂದೂ ಸಾರಿದರು. ನಾನು ಅಂತಿಮ ಪಟ್ಟಿಯನ್ನು ಓದಿದೆ. ಅದರಲ್ಲಿ ದೋಷವಿರಲಿಲ್ಲ, ಎಲ್ಲರಿಗೂ ತೃಪ್ತಿಯಾಯಿತು.

ನನ್ನ ಹೆಂಡತಿ ಅವಲಕ್ಕಿಯ ತಟ್ಟೆಗಳನ್ನು ಇಟ್ಟು ಕೇಳಿದಳು: "ನಾನು ಕೂತ್ಕೊಳ್ಳೋದು ಯಾವಾಗ?"

"ಬಸ್ಸಲ್ಲಿ ಇಡೀ ದಿನ ಕೂತ್ಕೊಳ್ಳುದೇ ಅಲ್ವಾ?" ಎಂದರು ಅಧ್ಯಕ್ಷರು.

"ಆ ಸ್ಟೂಲ್ ಫೋಟೋ ಬೇಕಿದ್ರೆ ಬಸ್ಸಿಂದಾನೇ ತೆಗೀಬಹುದು ಆಂಟಿ," ಎಂದ ಡೆಲ್ಫ್ಟಿನ ತರುಣ.

ಅವಳು ನನ್ನತ್ತ ನೋಡಿದಳು. ನಾನು ಪಟ್ಟಿಯತ್ತ ನೋಡಿದೆ.

"ನಾನು ಟಿಕೆಟ್ ತಗೊಂಡಾಗಿದೆ," ಎಂದಳು, ಯಾರಿಗೋ ಉಪ್ಪು ದಾಟಿಸುವಷ್ಟೇ ಸಹಜವಾಗಿ. "ಏಪ್ರಿಲಲ್ಲಿ ಹೋಗ್ತೀನಿ. ಮೊದಲನೇ ವಾರ ನಾನೊಬ್ಬಳೇ, ಹನೋಯಿಯಲ್ಲಿ."

ಅಧ್ಯಕ್ಷರ ಕೈಯಲ್ಲಿದ್ದ ಚಮಚ ನಿಂತಿತು. "ಒಬ್ಬರೇ? ಊಟಕ್ಕೆ ಎಂತ ಮಾಡ್ತೀರಿ?"

"ಹಸಿವಾದಾಗ ತಿಂತೀನಿ."

"ಮತ್ತೆ ಮೇಷ್ಟ್ರು?"

ಅವಳು ನನ್ನನ್ನೇ ಉದ್ದೇಶಿಸಿ ಹೇಳಿದಳು. "ನೀವು ಎರಡನೇ ವಾರ ಬನ್ನಿ. ನಿಮ್ಮ ಮೀ ಸನ್ ದೇವಸ್ಥಾನ, ಆ ದೀಪದ ಊರು ಎಲ್ಲ ಒಟ್ಟಿಗೆ ನೋಡೋಣ. ಮೊದಲೇ ಬಂದ್ರೆ ಒಂಬತ್ತು ಗಂಟೆಗೆ ಗಂಟೆ ಹೊಡೆದು ನನ್ನನ್ನ ಸ್ಟೂಲಿಂದ ಎಬ್ಬಿಸ್ತೀರಿ."

ಅಧ್ಯಕ್ಷರ ಪತ್ನಿ ನನ್ನ ಹೆಂಡತಿಯ ತೋಳು ಹಿಡಿದು ಅಡಿಗೆಮನೆಗೆ ಎಳೆದೊಯ್ದು, ಒಬ್ಬರಿಗೆ ಟಿಕೆಟ್ ತೆಗೆಯುವುದು ಹೇಗೆಂದು ತಗ್ಗಿದ ದನಿಯಲ್ಲಿ ವಿಚಾರಿಸುತ್ತಿದ್ದುದು ನನಗೆ ಕೇಳಿಸಿತು. ಅಧ್ಯಕ್ಷರಿಗೆ ಕೇಳಿಸಲಿಲ್ಲ, ಅವರು ಅಡಿಗೆಯವನಿಗೆ ಏನು ಹೇಳಬೇಕೆಂದು ಚಿಂತಿಸುತ್ತಿದ್ದರು. ಸಮಿತಿ ಆ ಮೇಲೆ ಸ್ವಿಟ್ಜರ್‌ಲೆಂಡಿನ ಕಡೆಗೆ ಗಮನ ಹರಿಸಿತು. ಅಲ್ಲಿಯೂ ಅಡಿಗೆಯವನಿದ್ದಾನಂತೆ.

ಅವಳು ಹೊರಟುಹೋದಳು. ಹೋದ ಮೂರನೆಯ ದಿನ, ಇಲ್ಲಿ ನಾನು ಎದ್ದು ಹಾಲು ಕಾಯಿಸುತ್ತಿದ್ದಾಗ, ಫೋನಿಗೆ ಒಂದು ಚಿತ್ರ ಬಂದಿತು. ಅದರಲ್ಲಿ ಅವಳಿರಲಿಲ್ಲ. ಕೆಂಪು ಸ್ಟೂಲೊಂದರ ಮೇಲೆ ಒಂದು ಲೋಟ, ಅದರಲ್ಲಿ ಹಳದಿ ನೊರೆ, ಹಿಂದೆ ಬೀದಿಯಲ್ಲಿ ಅಸ್ಪಷ್ಟವಾಗಿ ಹರಿದುಹೋಗುತ್ತಿದ್ದ ಸ್ಕೂಟರುಗಳು. ಅಲ್ಲಿ ಆಗ ಮಧ್ಯಾಹ್ನವಾಗಿತ್ತು. ಕರೆ ಮಾಡಿದೆ.

"ಇನ್ನೂ ಅಲ್ಲೇ ಇದ್ದೀಯಾ?"

"ಬೆಳಿಗ್ಗೆ ಕೂತವಳು ಎದ್ದಿಲ್ಲ."

"ಆ ನೊರೆ... ಮೊಟ್ಟೆಯೋ?"

ಹಾರನ್ನುಗಳ ನಡುವೆ ಅವಳು ನಕ್ಕದ್ದು ಕೇಳಿಸಿತು. "ನೀವು ಸಮಿತಿ ಪರವಾಗಿ ಕೇಳ್ತಿದ್ದೀರೋ, ಗಂಡ ಅಂತ ಕೇಳ್ತಿದ್ದೀರೋ?"

ಸ್ವಲ್ಪ ಯೋಚಿಸಿ, ಗಂಡನಾಗಿ ಎಂದೆ.

"ಹಾಗಾದ್ರೆ ಬಂದು ಕುಡಿದು ನೋಡಿ. ಪಕ್ಕದ ಸ್ಟೂಲ್ ಖಾಲಿ ಇದೆ."

ನಾನು ಒಲೆ ಆರಿಸಿ, ಎರಡನೆಯ ವಾರಕ್ಕೆಂದು ತುಂಬಿಟ್ಟಿದ್ದ ಪೆಟ್ಟಿಗೆಯನ್ನು ಕೆಳಗಿಳಿಸಿ, ಅದರ ಮೇಲ್ಭಾಗದಲ್ಲಿ ಮಡಿಸಿಟ್ಟಿದ್ದ ಕಾಲವಿಭಾಗದ ಪಟ್ಟಿಯನ್ನು ತೆಗೆದು ಮೇಜಿನ ಮೇಲಿಟ್ಟೆ. ಅಂದು ೨೦೨೨ನೆಯ ಏಪ್ರಿಲ್ ತಿಂಗಳ ೨೪ನೆಯ ತಾರೀಖು, ಭಾನುವಾರ.